ಯುಎಸ್‌ಬಿ ಮೈಕ್ರೋಸ್ಕೋಪ್ ಮತ್ತು ಅಕ್ಕಸಾಲಿಗರ ಲೂಪ್: ಕೀಟದ ರೆಕ್ಕೆ ನೋಡೋದಕ್ಕೆ ಯಾವುದು ವಾಸಿ?

ಎರಡನ್ನೂ ಎರಡು ತಿಂಗಳು ಬಳಸಿ ಆಯಿತು, ಈಗ ಬರೆಯುತ್ತಿದ್ದೇನೆ. ಮೈಕ್ರೋಸ್ಕೋಪ್ ಆನ್‌ಲೈನ್‌ನಲ್ಲಿ ತರಿಸಿದ್ದು, 1,450 ರೂಪಾಯಿ. ಲೂಪ್ ಅಂದರೆ ಕಣ್ಣಿನ ಹತ್ತಿರ ಹಿಡಿದು ನೋಡುವ ಪುಟ್ಟ ಭೂತಗನ್ನಡಿ. ಅದನ್ನು ತುಮಕೂರಿನ ಚಿಕ್ಕಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಕೊಂಡಿದ್ದು, 380 ರೂಪಾಯಿ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ, ಮಡಚಿ ಜೇಬಿಗೆ ಹಾಕಿಕೊಳ್ಳಬಹುದು.

ಯಾಕೆ ಬೇಕಿತ್ತು ಅಂದರೆ, ಕೀಟಗಳ ಪಳೆಯುಳಿಕೆಗಳ ಬಗ್ಗೆ ಓದೋದು ನನಗೆ ತುಂಬಾ ಇಷ್ಟ. ಎಷ್ಟೋ ಸಲ ಕಲ್ಲಿನಲ್ಲಿ ಉಳಿದಿರೋದು ಒಂದು ರೆಕ್ಕೆ ಮಾತ್ರ. ಮೈ ಬೇಗ ಕೊಳೆಯುತ್ತದೆ, ರೆಕ್ಕೆಯಲ್ಲಿ ಮಾಂಸವೇ ಇಲ್ಲ, ಒಣಗಿದ ತೆಳು ಹಾಳೆಯ ಹಾಗೆ ಇರುತ್ತದೆ, ಅದಕ್ಕೇ ಉಳಿಯುತ್ತದೆ. ಮೊದಲ ಮಳೆ ಬಂದ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಈಸಲು ಹುಳ ಬರುತ್ತವಲ್ಲ, ಬೆಳಿಗ್ಗೆ ಕಸ ಗುಡಿಸುವಾಗ ಸಿಗೋದು ಬರೀ ರೆಕ್ಕೆಗಳು ಅಲ್ವಾ, ಹಾಗೇ. ಆ ಒಂದು ರೆಕ್ಕೆಯ ನರಗಳನ್ನು ನೋಡಿಯೇ ಅದು ಯಾವ ಗುಂಪಿನ ಕೀಟ ಅಂತ ಹೇಳಬೇಕು. ಪ್ರತಿ ನರಕ್ಕೂ ಹೆಸರಿದೆ. ಮುಂದಿನ ಅಂಚಿನದು ಕಾಸ್ಟಾ, ಅದರ ಹಿಂದೆ ಸಬ್‌ಕಾಸ್ಟಾ, ಆಮೇಲೆ ರೇಡಿಯಸ್, ಮೀಡಿಯಾ, ಕ್ಯೂಬಿಟಸ್, ಕೊನೆಗೆ ಏನಲ್ ನರಗಳು. ಎಲ್ಲ ಕೀಟಗಳಿಗೂ ಹೊಂದುವ ಹಾಗೆ ಈ ಹೆಸರುಗಳನ್ನು ಒಂದು ಕ್ರಮಕ್ಕೆ ತಂದವರು ಅಮೆರಿಕದ ಕೀಟವಿಜ್ಞಾನಿಗಳಾದ ಕಾಮ್‌ಸ್ಟಾಕ್ ಮತ್ತು ನೀಡಮ್, 1898ರಲ್ಲಿ ಶುರು ಮಾಡಿದ್ದು.

ನಮ್ಮ ಜಿಲ್ಲೆಯಲ್ಲಿ ಕೀಟದ ಪಳೆಯುಳಿಕೆ ಹುಡುಕಿದರೆ ಸಿಗಲ್ಲ. ದೇವರಾಯನದುರ್ಗದ ಸುತ್ತಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು ವಯಸ್ಸು. ರೆಕ್ಕೆ ಇರುವ ಕೀಟಗಳ ಗುರುತು ಸಿಗೋದು ಸುಮಾರು 32 ಕೋಟಿ ವರ್ಷದಿಂದ ಈಚೆಗೆ. ಹಾಗಾಗಿ ಟೆರೇಸ್ ಮೇಲೆ ಸತ್ತು ಬಿದ್ದ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲೇ ನನ್ನ ಅಭ್ಯಾಸ.

ಮೊದಲು ಮೈಕ್ರೋಸ್ಕೋಪ್. ಡಬ್ಬಿಯ ಮೇಲೆ 1000 ಪಟ್ಟು ಅಂತ ದೊಡ್ಡದಾಗಿ ಬರೆದಿದ್ದಾರೆ. ಗ್ರಾಫ್ ಹಾಳೆ ಇಟ್ಟು ನೋಡಿದೆ. ಎಷ್ಟು ಹತ್ತಿರ ತಂದರೂ ಒಂದು ಮಿಲಿಮೀಟರ್ ಚೌಕ ನನ್ನ ಲ್ಯಾಪ್‌ಟಾಪ್ ಪರದೆಯಲ್ಲಿ 20 ಸೆಂಟಿಮೀಟರ್ ಅಗಲ ಬಂತು, ಅಂದರೆ 200 ಪಟ್ಟು. ರೆಕ್ಕೆಗೆ ಅಷ್ಟೂ ಬೇಕಾಗಿಲ್ಲ. ಆದರೆ ಇಲ್ಲದ್ದನ್ನು ಇದೆ ಅಂತ ಬರೆದು ಮಾರೋದು ತಪ್ಪು. ಜೊತೆಗೆ ಬರುವ ಸಾಫ್ಟ್‌ವೇರ್‌ನಲ್ಲಿ ಅಳತೆ ಮಾಡಬಹುದು, ಆದರೆ ಫೋಕಸ್ ಚಕ್ರ ಸ್ವಲ್ಪ ತಿರುಗಿಸಿದರೂ ಅಳತೆ ತಪ್ಪುತ್ತದೆ. ಪ್ರತಿ ಸಲ ಅದೇ ಫೋಕಸ್‌ನಲ್ಲಿ ಸ್ಟೀಲ್ ಸ್ಕೇಲ್‌ನ ಒಂದು ಫೋಟೋ ತೆಗೆದಿಡಿ. ಸ್ಟ್ಯಾಂಡ್ ಪ್ಲಾಸ್ಟಿಕ್, ಮೇಜು ಮುಟ್ಟಿದರೆ ಸಾಕು, ಚಿತ್ರ ಓಡಾಡುತ್ತದೆ.

ಇದೆಲ್ಲ ಸಹಿಸಬಹುದು. ನನಗೆ ನಿಜವಾಗಿ ಬೇಜಾರಾಗಿದ್ದು ಬೆಳಕಿನ ವಿಷಯದಲ್ಲಿ. ಲೆನ್ಸ್ ಸುತ್ತ ಎಂಟು ಎಲ್‌ಇಡಿ ಇವೆ, ಎಲ್ಲವೂ ನೇರ ಮೇಲಿಂದ ಹೊಡೆಯುತ್ತವೆ. ನರಗಳ ಬಲೆ ಕಣ್ಣು ಕುಕ್ಕುವಷ್ಟು ಚೆನ್ನಾಗಿ ಕಾಣುತ್ತದೆ, ಆದರೆ ಕಾಗದದ ಮೇಲೆ ಗೆರೆ ಎಳೆದ ಹಾಗೆ ಚಪ್ಪಟೆ. ರೆಕ್ಕೆ ಚಪ್ಪಟೆ ಅಲ್ಲ. ಸೀರೆ ನೆರಿಗೆಯ ಹಾಗೆ ಏರು, ತಗ್ಗು, ಏರು, ತಗ್ಗು ಇರುತ್ತದೆ. ಏರೋಪ್ಲೇನ್ ಚಿಟ್ಟೆಯಲ್ಲಿ ಕಾಸ್ಟಾ ಏರು, ಸಬ್‌ಕಾಸ್ಟಾ ತಗ್ಗು, ರೇಡಿಯಸ್‌ನ ಮುಂದಿನ ಕವಲು ಮತ್ತೆ ಏರು. ಆ ನೆರಿಗೆಯಿಂದಲೇ ಅಷ್ಟು ತೆಳು ರೆಕ್ಕೆ ಮಡಚಿಕೊಳ್ಳದೆ ಹಾರಲು ಆಗೋದು. ಪಳೆಯುಳಿಕೆಯ ರೆಕ್ಕೆ ಮುರಿದು ಅರ್ಧ ಮಾತ್ರ ಉಳಿದಿದ್ದರೆ, ಯಾವ ನರ ಯಾವುದು ಅಂತ ಗುರುತಿಸಲು ಈ ಏರು ತಗ್ಗು ದೊಡ್ಡ ಆಧಾರ. ಬರೆಯುವವರು ನರದ ಹೆಸರಿನ ಜೊತೆ ಪ್ಲಸ್, ಮೈನಸ್ ಗುರುತು ಹಾಕೋದೂ ಉಂಟು. ಅದೇ ಕಾಣದಿದ್ದರೆ ಏನು ಪ್ರಯೋಜನ?

ಲೂಪ್‌ನಲ್ಲಿ ಇದು ಮೊದಲ ದಿನವೇ ಕಂಡಿತು. ಕಿಟಕಿ ಪಕ್ಕ ಕೂತು, ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ರೆಕ್ಕೆ ಹಿಡಿದು ನೋಡಿದೆ. ಒಂದೊಂದು ನರವೂ ಹೊಲದ ಬದುವಿನ ಹಾಗೆ ಎದ್ದು ನಿಂತಿತು. ಮುಂದಿನ ಅಂಚಿನ ನಡುವೆ ಕಬ್ಬಿನ ಗಿಣ್ಣಿನ ಹಾಗೆ ಒಂದು ಗಂಟಿದೆ, ಅದು ನೋಡಸ್. ತುದಿಯ ಹತ್ತಿರ ಬಣ್ಣದ ಪುಟ್ಟ ಚೌಕ, ಅದು ಟೆರೋಸ್ಟಿಗ್ಮಾ. ಫ್ರಾನ್ಸಿನ ಕಮಾಂಟ್ರಿ ಕಲ್ಲಿದ್ದಲು ಗಣಿಯಲ್ಲಿ ಪಳೆಯುಳಿಕೆಯಾಗಿ ಸಿಕ್ಕ ದೈತ್ಯ ಕೀಟ ಮೆಗನ್ಯೂರಾ, 1885ರಲ್ಲಿ ಬ್ರಾಂಗ್ನಿಯಾರ್ ಅನ್ನುವ ಕೀಟವಿಜ್ಞಾನಿ ಹೆಸರಿಟ್ಟದ್ದು, ರೆಕ್ಕೆ ಚಾಚಿದರೆ ಸುಮಾರು 65 ಸೆಂಟಿಮೀಟರ್, ನಮ್ಮ ಬಚ್ಚಲು ಬಾಗಿಲಿನಷ್ಟು ಅಗಲ! ಅದಕ್ಕೆ ಈ ಗಿಣ್ಣೂ ಇಲ್ಲ, ಈ ಚೌಕವೂ ಇಲ್ಲ. ಅದಕ್ಕೇ ಅದನ್ನು ಇವತ್ತಿನ ಏರೋಪ್ಲೇನ್ ಚಿಟ್ಟೆಗಳ ಜೊತೆ ಸೇರಿಸದೆ ಬೇರೆ ಗುಂಪಿನಲ್ಲಿ ಇಡುತ್ತಾರೆ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ, ಗಿಣ್ಣನ್ನು ಕಣ್ಣಾರೆ ನೋಡಿದ ಮೇಲೇ ಆ ಮಾತಿನ ತೂಕ ನನಗೆ ಗೊತ್ತಾಗಿದ್ದು.

ಇನ್ನೊಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ. ಮಕ್ಕಳ ಕ್ಲೇ ಮೇಲೆ ರೆಕ್ಕೆ ಇಟ್ಟು ಮೆಲ್ಲಗೆ ಒತ್ತಿ ತೆಗೆದೆ. ಅಚ್ಚಿನಲ್ಲಿ ಏರು ನರ ತಗ್ಗಾಗಿರುತ್ತದೆ, ತಗ್ಗು ಏರಾಗಿರುತ್ತದೆ. ಪಳೆಯುಳಿಕೆ ಇರುವ ಕಲ್ಲು ಸೀಳಿದಾಗಲೂ ಹೀಗೇ ಎರಡು ಹೋಳು ಸಿಗುತ್ತವೆ, ಒಂದರ ಉಬ್ಬು ಇನ್ನೊಂದರ ಗುಳಿ. ಯಾವ ಹೋಳು ನೋಡುತ್ತಿದ್ದೀರಿ ಅಂತ ಮರೆತರೆ ಇಡೀ ವಿವರಣೆ ತಲೆಕೆಳಗು. ಬೆಳಕು ಯಾವ ಕಡೆಯಿಂದ ಬಂತು ಅನ್ನೋದೂ ಮುಖ್ಯ. ಚಿತ್ರದ ಕೆಳ ಅಂಚಿನ ಕಡೆಯಿಂದ ಬಂದರೆ ಕಣ್ಣು ಮೋಸ ಹೋಗಿ ಗುಳಿಯನ್ನೇ ಉಬ್ಬು ಅಂದುಕೊಳ್ಳುತ್ತದೆ. ಅದಕ್ಕೇ ಪಳೆಯುಳಿಕೆ ಫೋಟೋಗಳಲ್ಲಿ ಸಾಮಾನ್ಯವಾಗಿ ಎಡ ಮೇಲ್ಮೂಲೆಯಿಂದ ಬೆಳಕು ಬಿಡುತ್ತಾರೆ.

ಈ ಕ್ಲೇ ಅಚ್ಚು ಇಟ್ಟ ದಿನವೇ ಮೈಕ್ರೋಸ್ಕೋಪ್‌ಗೂ ಒಂದು ದಾರಿ ಸಿಕ್ಕಿತು. ಅದರ ವೈರ್ ಮೇಲೆ ಎಲ್‌ಇಡಿ ಬೆಳಕು ಕಡಿಮೆ ಮಾಡುವ ಪುಟ್ಟ ಚಕ್ರ ಇದೆ. ಅದನ್ನು ಪೂರ್ತಿ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಮೇಜಿಗೆ ಸಮ ಮಲಗಿಸಿ ಎಡಗಡೆಯಿಂದ ಬಿಟ್ಟೆ. ನೆರಿಗೆ ಎಲ್ಲ ಎದ್ದು ಬಂತು! ನನ್ನ ಹತ್ತಿರ ಇರುವ ಒಳ್ಳೆಯ ಫೋಟೋ ಎಲ್ಲ ಆಮೇಲೆ ತೆಗೆದದ್ದೇ.

ಒಂದೇ ಕೊಳ್ಳೋದಾದರೆ ಲೂಪ್ ಕೊಳ್ಳಿ, ಅಂಗಡಿಯಲ್ಲೇ ಒಂದು ರೆಕ್ಕೆ ಇಟ್ಟು ನೋಡಿ, ಅಂಚಿನಲ್ಲಿ ಬಣ್ಣದ ಗೆರೆ ಕಂಡರೆ ಬೇರೆ ಕೇಳಿ. ನನಗೆ ಮೂರು ತೆಗೆದು ತೋರಿಸಿದರು, ಒಂಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಫೋಟೋ ಬೇಕೇ ಬೇಕು ಅನ್ನುವವರು ಮೈಕ್ರೋಸ್ಕೋಪ್ ತೆಗೆದುಕೊಳ್ಳಬಹುದು, ಆದರೆ ಸ್ಟ್ಯಾಂಡನ್ನು ದಪ್ಪ ಹಲಗೆಗೆ ಸ್ಕ್ರೂ ಹಾಕಿ ಬಿಗಿಸಿಕೊಳ್ಳಿ.