ಬೆಂಕಿ ರೋಗದ ಭತ್ತದ ಎಲೆ: ಟಿಸಿಎ ಸಾಕಾ, ಫೀನಾಲ್ ಬೇಕಾ?

ಗಂಗಾವತಿ ಕಡೆ ಸೋನಾ ಮಸೂರಿಗೆ ಬೆಂಕಿ ರೋಗ ಬಂದರೆ ಎಲೆ ಮೇಲೆ ಕಣ್ಣಿನಾಕಾರದ ಚುಕ್ಕೆ ಬೀಳುತ್ತದೆ. ನಡುವೆ ಬೂದಿ ಬಣ್ಣ, ಅಂಚು ಕಂದು. ಆ ಹೊತ್ತಿನಲ್ಲಿ ಗಿಡ ಕೈಟಿನೇಸ್, ಗ್ಲೂಕನೇಸ್‌ನಂಥ ಪ್ರೋಟೀನ್‌ಗಳನ್ನು ಹೆಚ್ಚಿಸಿ ಶಿಲೀಂಧ್ರದ ಗೋಡೆಯನ್ನೇ ಕರಗಿಸಲು ನೋಡುತ್ತದೆ. ಆ ಪ್ರೋಟೀನ್‌ಗಳನ್ನು ಹಿಡಿಯುವುದೇ ರಾಯಚೂರಿನ ಲ್ಯಾಬಿನಲ್ಲಿ ನನ್ನ ಕೆಲಸ. ಆದರೆ ಮೊದಲು ಎಲೆಯಿಂದ ಪ್ರೋಟೀನ್ ಹೊರಗೆ ಬರಬೇಕಲ್ವಾ?

ದ್ರವ ಸಾರಜನಕ ಸುರಿದು (ದನದ ಡಾಕ್ಟರು ವೀರ್ಯದ ಕಡ್ಡಿ ಇಡುವ ಕ್ಯಾನಿನಲ್ಲಿ ಇರುವುದೂ ಇದೇ) ರೋಗದ ಎಲೆ ಅರೆದೆ. ಒಂದೇ ಪುಡಿಯನ್ನು ಎರಡು ಪಾಲು ಮಾಡಿ, ಪ್ರೋಟೀನ್ ತೆಗೆಯುವ ಎರಡು ವಿಧಾನ ನೋಡಿದೆ: ಟಿಸಿಎ-ಅಸಿಟೋನ್ ಮತ್ತು ಫೀನಾಲ್.

ಟಿಸಿಎ-ಅಸಿಟೋನ್ ಸೋಮಾರಿಗಳ ಸ್ನೇಹಿತ. ಟಿಸಿಎ ಅಂದರೆ ಟ್ರೈಕ್ಲೋರೋಅಸಿಟಿಕ್ ಆಮ್ಲ, ಪ್ರೋಟೀನನ್ನು ಗಟ್ಟಿಯಾಗಿ ತಳಕ್ಕೆ ಕೂರಿಸುತ್ತದೆ. ಪುಡಿಗೆ ತಣ್ಣನೆಯ ದ್ರಾವಣ ಹಾಕು, ರಾತ್ರಿ ಫ್ರೀಜರಿನಲ್ಲಿಡು, ಬೆಳಿಗ್ಗೆ ಅಸಿಟೋನಿನಲ್ಲಿ ತೊಳಿ. ಖರ್ಚೂ ಕಡಿಮೆ. ಎಳೆ ಎಲೆ, ರೋಗವಿಲ್ಲದ ಎಲೆಗೆ ಚೆನ್ನಾಗಿಯೇ ಬಂತು. ರೋಗದ ಎಲೆಗೆ ಮಾತ್ರ ಕೊಳವೆಯ ತಳದಲ್ಲಿ ಬೆಲ್ಲದ ಬಣ್ಣದ ಗಟ್ಟಿ ಕೂತಿತು. ಎಷ್ಟು ಅಲುಗಾಡಿಸಿದರೂ ಪೂರ್ತಿ ಕರಗಲಿಲ್ಲ. ಜೆಲ್ (ಪ್ರೋಟೀನ್‌ಗಳನ್ನು ಬಿಡಿಸಿ ತೋರಿಸುವ ಲೋಳೆ ಹಾಳೆ) ಮೇಲೆ ಚುಕ್ಕೆಗಳ ಬದಲು ಪೊರಕೆ ಎಳೆದಂಥ ಗೀರುಗಳು.

ಫೀನಾಲ್ ರಗಳೆ ಜಾಸ್ತಿ. ವಾಸನೆ ತಲೆ ಹಿಡಿಸುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಗ್ಲೌಸ್, ಫ್ಯೂಮ್ ಹುಡ್ ಇಲ್ಲದೆ ಮುಟ್ಟಲೇಬಾರದು. ಪ್ರೋಟೀನ್ ಫೀನಾಲಿನೊಳಗೆ ಸೇರಿಕೊಳ್ಳುತ್ತದೆ; ಆಮೇಲೆ ಮೆಥನಾಲಿನಲ್ಲಿ ಅಮೋನಿಯಂ ಅಸಿಟೇಟ್ ಹಾಕಿ ಅದನ್ನು ಕೂರಿಸಬೇಕು, ಮತ್ತೆ ಮತ್ತೆ ತೊಳೆಯಬೇಕು. ಮೊದಲ ಸಲ ನಾನು ಬಫರಿಗೆ (ಪುಡಿ ಕಲಸುವ ನೀರಿನ ದ್ರಾವಣಕ್ಕೆ) ಸಕ್ಕರೆ ಹಾಕುವುದನ್ನೇ ಮರೆತೆ. ಸಕ್ಕರೆ ಇದ್ದರೆ ನೀರಿನ ಪದರ ಭಾರವಾಗಿ ತಳಕ್ಕೆ ಹೋಗುತ್ತದೆ, ಫೀನಾಲ್ ಪದರ ಮೇಲಕ್ಕೆ ಬರುತ್ತದೆ; ಸಕ್ಕರೆ ಇಲ್ಲದಿದ್ದರೆ ಫೀನಾಲೇ ಕೆಳಗಿಳಿಯುತ್ತದೆ. ಅಭ್ಯಾಸದಂತೆ ಮೇಲಿನ ಪದರ ಉಳಿಸಿಕೊಂಡು ಕೆಳಗಿನದನ್ನು ಚೆಲ್ಲಿದೆ. ಪ್ರೋಟೀನ್ ಇದ್ದದ್ದು ಕೆಳಗೆ! ಎರಡು ದಿನದ ದುಡಿಮೆ ತ್ಯಾಜ್ಯದ ಬಾಟಲಿ ಸೇರಿತು.

ಎರಡನೇ ಸಲ ಗಟ್ಟಿ ಕೆನೆ ಬಣ್ಣಕ್ಕೆ ಬಂತು, ಯೂರಿಯಾ ಬಫರಿನಲ್ಲಿ ಸರಾಗವಾಗಿ ಕರಗಿತು. ಕಂದು ಕೊಳೆಯೆಲ್ಲ ನೀರಿನ ಪದರದಲ್ಲೇ ಉಳಿದಿತ್ತು. ಜೆಲ್ ಮೇಲೆ ಚುಕ್ಕೆಗಳು ಬಿಡಿಬಿಡಿಯಾಗಿ, ರಾಗಿ ಕಾಳು ಚೆಲ್ಲಿದ ಹಾಗೆ.

ಒಂದು ಕಾಟ ಮಾತ್ರ ಎರಡರಲ್ಲೂ ತಪ್ಪಲಿಲ್ಲ: ರುಬಿಸ್ಕೋ, ಗಾಳಿಯ ಇಂಗಾಲ ಹಿಡಿಯುವ ಎಲೆಯ ಪ್ರೋಟೀನ್. ಎಲೆಯಲ್ಲಿ ಕರಗುವ ಪ್ರೋಟೀನಿನ ಅರ್ಧದಷ್ಟು ಇದೊಂದೇ ಇರಬಹುದು. ಜೆಲ್ ನಡುವೆ ದೊಡ್ಡ ಮಚ್ಚೆಯಾಗಿ ಕೂತು ಅಕ್ಕಪಕ್ಕದ ಚಿಕ್ಕವನ್ನು ಮುಚ್ಚಿಬಿಡುತ್ತದೆ. ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ) ಹಾಕಿ ಮೊದಲೇ ಬೇರೆ ಮಾಡಬಹುದು, ಆದರೆ ಅದರ ಜೊತೆ ನಮಗೆ ಬೇಕಾದ್ದೂ ಸ್ವಲ್ಪ ಹೋಗುತ್ತದೆ. ಜೆಲ್ ಬಿಟ್ಟು ನೇರ ಮಾಸ್ ಸ್ಪೆಕ್ಟ್ರೋಮೀಟರಿಗೆ (ತೂಕ ನೋಡಿ ಪ್ರೋಟೀನ್ ಗುರುತಿಸುವ ಯಂತ್ರಕ್ಕೆ) ಕೊಟ್ಟರೂ ಕೊಳೆ ಸ್ಯಾಂಪಲ್ ಅದರ ಕಾಲಮ್ ಎಂಬ ಸಣ್ಣ ಕೊಳವೆಯನ್ನು ಕಟ್ಟಿಸುತ್ತದೆ, ದುಡ್ಡು ಬೇರೆ.

ಈಗ ರೋಗವಿಲ್ಲದ ಎಲೆಗೂ ಫೀನಾಲನ್ನೇ ಮಾಡುತ್ತೇನೆ. ಒಂದಕ್ಕೆ ಟಿಸಿಎ, ಇನ್ನೊಂದಕ್ಕೆ ಫೀನಾಲ್ ಮಾಡಿದರೆ ಕಾಣುವ ವ್ಯತ್ಯಾಸ ರೋಗದ್ದೋ ವಿಧಾನದ್ದೋ ಗೊತ್ತಾಗುವುದಿಲ್ಲ. ಟಿಸಿಎ ಇರುವುದು ಹೊಸದಾಗಿ ಸೇರಿದ ಎಂಎಸ್ಸಿ ಹುಡುಗರ ಕೈ ಪಳಗಿಸಲು. ಅವರ ಬಫರ್ ಬಾಟಲಿ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ‘ಫೀನಾಲಿಗೆ ಬಂದಾಗ ಸಕ್ಕರೆ ಮರೆಯಬೇಡಿ’.