ಲೇಕಾಕ್ ಅಬಿ: ಆ ಕಿಟಕಿ ನೋಡದೆ ಬರಬೇಡಿ

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿರುವ ಲೇಕಾಕ್ ಅಬಿಗೆ ಬಹಳ ಜನ ಬರುವುದು ಹ್ಯಾರಿ ಪಾಟರ್ ಶೂಟಿಂಗ್ ಆದ ಜಾಗ ಅಂತ. ನಮ್ಮ ಮಕ್ಕಳೂ ಅದಕ್ಕೇ ಹೊರಟಿದ್ದು. 1232ರಲ್ಲಿ ಸನ್ಯಾಸಿನಿಯರಿಗಾಗಿ ಶುರುವಾದ ಮಠ ಅದು. ಕಂಬಸಾಲು ಚೆನ್ನಾಗಿದೆ, ಫೋಟೋ ತೆಗೆಸಿಕೊಳ್ಳಿ. ಆಮೇಲೆ ಸೀದಾ ಮಹಡಿ ಹತ್ತಿ ಸೌತ್ ಗ್ಯಾಲರಿಗೆ ಹೋಗಿ.

ಅಲ್ಲಿ ಮಧ್ಯದ ಕಿಟಕಿ ನೋಡಬೇಕು. ಸಣ್ಣ ಸಣ್ಣ ಗಾಜಿನ ಚೂರು ಜೋಡಿಸಿದ್ದು, ಹೊರಕ್ಕೆ ಚಾಚಿದೆ. 1835ರ ಆಗಸ್ಟ್‌ನಲ್ಲಿ ಮನೆಯ ಯಜಮಾನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಇದರದ್ದೇ ನೆಗೆಟಿವ್ ತೆಗೆದ, ಅಂದರೆ ಬೆಳಕು ಕಪ್ಪಾಗಿ, ನೆರಳು ಬಿಳುಪಾಗಿ ಮೂಡುವ ಉಲ್ಟಾ ಚಿತ್ರ. ಈಗ ಉಳಿದಿರುವುದರಲ್ಲಿ ಅದೇ ಹಳೆಯ ಕ್ಯಾಮೆರಾ ನೆಗೆಟಿವ್. ಅಂಚೆ ಚೀಟಿ ಗಾತ್ರದ ಕಾಗದ. ಹೊಸದರಲ್ಲಿ ಸುಮಾರು 200 ಗಾಜಿನ ಚೂರುಗಳನ್ನು ಲೆನ್ಸ್ ಹಿಡಿದು ಎಣಿಸಬಹುದಿತ್ತು ಅಂತ ಅವನೇ ಬರೆದಿಟ್ಟಿದ್ದಾನೆ. ಅವನ ಪುಟ್ಟ ಮರದ ಕ್ಯಾಮೆರಾಗಳನ್ನು ಹೆಂಡತಿ ಕಾನ್‌ಸ್ಟನ್ಸ್ ಇಲಿಬೋನು ಅನ್ನುತ್ತಿದ್ದಳಂತೆ!

ಟಾಲ್ಬಟ್ ಐದು ತಿಂಗಳ ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ, ಆಸ್ತಿ ಮೇಲೆ ಸಾಲ. 1832ರ ಕೊನೆಯಲ್ಲಿ ಚಿಪ್ಪನ್‌ಹ್ಯಾಮ್‌ನಿಂದ ಪಾರ್ಲಿಮೆಂಟಿಗೆ ಆರಿಸಿ ಬಂದ, 1835ಕ್ಕೆ ಸಾಕು ಅಂತ ಬಿಟ್ಟ. ರಾಜಕೀಯ ಅಷ್ಟೇ. ಎಂಪಿಯಾಗಿದ್ದಾಗಲೇ, 1833ರಲ್ಲಿ, ಇಟಲಿಯ ಕೋಮೊ ಸರೋವರದ ಹತ್ತಿರ ಚಿತ್ರ ಬರೆಯಲು ಕೂತ. ಕೈ ಕೂಡಲಿಲ್ಲ. ಬೆಳಕೇ ಕಾಗದದ ಮೇಲೆ ಚಿತ್ರ ಬಿಡಿಸಿದರೆ ಹೇಗೆ ಅಂತ ತಲೆಗೆ ಹೊಳೆದದ್ದು ಆಗ.

ನಮ್ಮಪ್ಪ ಸ್ಟುಡಿಯೋ ಇಟ್ಟಿದ್ದರು. "ನೆಗೆಟಿವ್ ಇದೆ ಬಿಡಿ, ಇನ್ನೊಂದು ಕಾಪಿ ಹಾಕ್ಕೊಡ್ತೀನಿ" ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತಿತ್ತು. ಟಾಲ್ಬಟ್‌ನ ಕಾಲದಲ್ಲೇ ಫೋಟೋ ತೆಗೆಯುವ ಇನ್ನೊಂದು ದಾರಿ ಕಂಡುಹಿಡಿದ ಫ್ರಾನ್ಸಿನ ಡಾಗೇರ್ ತಗಡಿನ ಮೇಲೆ ಮಾಡಿದ ಫೋಟೋ ಒಂದೇ ಒಂದು, ಕಾಪಿ ಇಲ್ಲ. ನೆಗೆಟಿವ್‌ನಿಂದ ಕಾಪಿ ತೆಗೆಯುವ ದಾರಿ ಟಾಲ್ಬಟ್‌ದು. ಆದರೆ ಜಮೀನ್ದಾರನ ಬುದ್ಧಿ ಎಲ್ಲಿ ಹೋಗುತ್ತೆ? 1841ರಲ್ಲಿ ಪೇಟೆಂಟ್ ಮಾಡಿಸಿ, ಬಳಸುವವರಿಂದ ಲೈಸೆನ್ಸ್ ದುಡ್ಡು ಕೇಳಿದ. ಇದರಿಂದ ಜನರ ಸಿಟ್ಟನ್ನೂ ಕಟ್ಟಿಕೊಂಡ.

1944ರಲ್ಲಿ ಅವನ ಮೊಮ್ಮಗಳು ಮಟಿಲ್ಡಾ ಮನೆಯ ಜೊತೆ ಊರನ್ನೂ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಕೊಟ್ಟಳು. ಟ್ರಸ್ಟ್ ಮೆಂಬರ್ ಆಗಿದ್ದರೆ ಟಿಕೆಟ್ ಬೇಡ. ಒಳಗಿನ ಕೋಣೆಗಳು ಅವತ್ತು ತೆರೆದಿವೆಯಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಕಿಟಕಿ ಸಿಗಲ್ಲ. ಫೋಟೋಗ್ರಫಿ ಮ್ಯೂಸಿಯಂ ಗೇಟಿನ ಹತ್ತಿರವೇ ಇದೆ. ನಾವು ಹೊಕ್ಕ ಚಹಾದಂಗಡಿಯ ಸ್ಕೋನ್ (ಬನ್ನಿನಂಥ ತಿಂಡಿ) ಮಾತ್ರ ಒಣಗಿ ಕಲ್ಲಾಗಿತ್ತು, ರೇಟೂ ಜಾಸ್ತಿ. ಚಿತ್ರಾನ್ನ ಕಟ್ಟಿಕೊಂಡು ಹೋಗಿ.