‘ಟಿಮ್’ ಆಲ್ಬಮ್: ಇದು ಅವೀಚಿಯದ್ದೇನಾ?

ಸ್ವೀಡನ್‌ನ ಡಿಜೆ ಅವೀಚಿ ತೀರಿಕೊಂಡ ಮೇಲೆ ಬಂದ ಅವನ ಆಲ್ಬಮ್ ಇದು, ಬಂದಿದ್ದು 2019ರ ಜೂನ್ 6ಕ್ಕೆ. ನಾನು ಪೂರ್ತಿ ಕೇಳಿದ್ದು ಎಷ್ಟೋ ತಿಂಗಳ ಮೇಲೆ. ಅದಕ್ಕೂ ಮೊದಲು ಏಪ್ರಿಲ್‌ನಲ್ಲಿ ‘ಎಸ್‌ಓಎಸ್’ ಒಂದೇ ಹಾಡನ್ನು ಬಿಟ್ಟಿದ್ದರು, ಅದನ್ನು ಹಾಕಿದೆ, ಗಾಯಕ ಅಲೋ ಬ್ಲ್ಯಾಕ್ ದನಿ ಶುರುವಾಯಿತು, ಆಫ್ ಮಾಡಿಬಿಟ್ಟೆ. ಅವೀಚಿಯ ‘ವೇಕ್ ಮಿ ಅಪ್’ ಹಾಡಿದ ಅದೇ ದನಿ. ಆ ದನಿ ಇದೆ, ಅದನ್ನು ಹಾಡಿಸಿದವನಿಲ್ಲ. ಹಾಡು ಮಾಡಿದವನು ಹೋದ ಮೇಲೆ ಹೊಸ ಹಾಡು ಬಂದರೆ ಖುಷಿಪಡಬೇಕೋ ಬೇಡವೋ ಅಂತಲೇ ಗೊತ್ತಾಗಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅವೀಚಿ ಅಂದರೆ ಟಿಮ್ ಬರ್ಗ್ಲಿಂಗ್, ಸ್ಟಾಕ್‌ಹೋಮ್‌ನ ಹುಡುಗ, 1989ರಲ್ಲಿ ಹುಟ್ಟಿದವನು. ಬೌದ್ಧರ ನರಕಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ ಅವೀಚಿ ಅಂತ ಹೆಸರು, ಅದನ್ನೇ ಇಟ್ಟುಕೊಂಡ. ಮೈಸ್ಪೇಸ್ ಅನ್ನುವ ಸೋಷಿಯಲ್ ಮೀಡಿಯಾ ಸೈಟಿನಲ್ಲಿ ಆ ಹೆಸರನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು, ಹಾಗಾಗಿ ಇಂಗ್ಲಿಷ್ ಸ್ಪೆಲಿಂಗ್‌ನ ಕೊನೆಗೆ ಇನ್ನೊಂದು ‘ಐ’ ಸೇರಿಸಿದ. 2011ರಲ್ಲಿ ‘ಲೆವೆಲ್ಸ್’ ಹಾಡು ಬಂತು, ಆಮೇಲೆ ಅವನಿಗೆ ಪುರುಸೊತ್ತೇ ಸಿಗಲಿಲ್ಲ. 2016ರಲ್ಲಿ ಆರೋಗ್ಯ ಕೆಟ್ಟು ಶೋಗಳನ್ನೇ ಬಿಟ್ಟ, ಆದರೆ ಹಾಡು ಮಾಡುವುದನ್ನು ಬಿಡಲಿಲ್ಲ. 2018ರ ಏಪ್ರಿಲ್ 20ಕ್ಕೆ ಒಮಾನ್‌ನ ಮಸ್ಕತ್‌ನಲ್ಲಿ ತೀರಿಕೊಂಡ. ವಯಸ್ಸು ಬರೀ 28.

ಮಾರನೇ ದಿನ ಸ್ಟಾಕ್‌ಹೋಮ್‌ನ ಸೆರ್ಗೆಲ್ಸ್ ಟೋರ್ಗ್ ಚೌಕದಲ್ಲಿ ಸಾವಿರಾರು ಜನ ಸೇರಿದರು. ಮೊದಲು ಮೌನ, ಆಮೇಲೆ ಅವನ ಹಾಡು ಹಾಕಿ ಕುಣಿತ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಚರ್ಚ್ ಗೋಪುರದ ಗಂಟೆಗಳಲ್ಲಿ ಅವನ ರಾಗ ಬಾರಿಸಿದರು. ಗಂಟೆಯ ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಬರೀ ಗಂಟೆ. ಆದರೂ ಎರಡು ಸಾಲು ಬಾರಿಸುವಷ್ಟರಲ್ಲಿ ಯಾವ ಹಾಡು ಅಂತ ಗೊತ್ತಾಗಿಬಿಡುತ್ತದೆ. ಅವನ ಶಕ್ತಿ ಇದ್ದಿದ್ದೇ ಅಲ್ಲಿ. ಸದ್ದನ್ನೆಲ್ಲ ಕಿತ್ತು ಹಾಕಿದರೂ ಒಂದು ರಾಗ ಉಳಿಯುತ್ತಿತ್ತು.

ಸರಿ, ಆಲ್ಬಮ್ ವಿಷಯಕ್ಕೆ ಬರೋಣ. 12 ಹಾಡು, 40 ನಿಮಿಷವೂ ಇಲ್ಲ. ಅವನು ಬಿಟ್ಟು ಹೋಗಿದ್ದು ಹೆಚ್ಚುಕಡಿಮೆ ಮುಗಿದಿದ್ದ ಹಾಡುಗಳು, ಜೊತೆಗೆ ಟಿಪ್ಪಣಿ, ಇಮೇಲ್, ಮೆಸೇಜ್‌ಗಳು. ಜೊತೆಯಲ್ಲಿ ಕೂತು ಬರೆದಿದ್ದ ಗೆಳೆಯರೇ ಅವನ್ನು ಇಟ್ಟುಕೊಂಡು ಮುಗಿಸಿದ್ದಾರೆ. ಇದು ಒಳ್ಳೆಯದು. ಹೊರಗಿನಿಂದ ದೊಡ್ಡ ಹೆಸರಿನವರನ್ನು ಕರೆಸಿ ರಿಪೇರಿ ಮಾಡಿಸಿದ್ದರೆ ಕತೆ ಬೇರೆಯೇ ಆಗುತ್ತಿತ್ತು.

ನನಗೆ ತುಂಬಾ ಇಷ್ಟವಾಗಿದ್ದು ‘ಫ್ರೀಕ್’. ಅದರಲ್ಲಿ ಒಂದು ಶಿಳ್ಳೆ ಬರುತ್ತದೆ, ಕ್ಯು ಸಕಮೊಟೊ ಅನ್ನುವ ಜಪಾನಿ ಗಾಯಕನ 1961ರ ಹಾಡಿನಿಂದ ತೆಗೆದದ್ದು. ಕ್ಲಬ್ ಸಂಗೀತಕ್ಕೂ ಆ ಹಳೇ ಶಿಳ್ಳೆಗೂ ಏನು ಸಂಬಂಧ ಹೇಳಿ? ಅವನಿಗೆ ಅದು ಕಾಣುತ್ತಿತ್ತು. 2013ರಲ್ಲಿ ಮಯಾಮಿಯ ಅಲ್ಟ್ರಾ ಅನ್ನುವ ಡಿಜೆ ಸಂಗೀತದ ಫೆಸ್ಟಿವಲ್‌ಗೆ ಗಿಟಾರ್, ಬ್ಯಾಂಜೋ ಹಿಡಿದ ಬ್ಯಾಂಡ್ ಕರೆದುಕೊಂಡು ಹೋಗಿದ್ದ. ಜನ ಇದೇನಪ್ಪಾ ಅಂತ ತಬ್ಬಿಬ್ಬಾದರು, ಆಮೇಲೆ ಆನ್‌ಲೈನ್‌ನಲ್ಲಿ ಸಿಕ್ಕಾಪಟ್ಟೆ ಬೈದರು. ಕೆಲವೇ ತಿಂಗಳಲ್ಲಿ, ಅವತ್ತು ಅಲ್ಲಿ ಕೇಳಿಸಿದ ಅದೇ ‘ವೇಕ್ ಮಿ ಅಪ್’ ದೇಶದ ಮೇಲೆ ದೇಶದಲ್ಲಿ ನಂಬರ್ ಒನ್. ‘ಫ್ರೀಕ್’ ಕೇಳುವಾಗ ಆ ಹಟಮಾರಿ ಹುಡುಗ ಇನ್ನೂ ಇದ್ದಾನೆ ಅನ್ನಿಸುತ್ತದೆ.

‘ಹೆವನ್’ ಕೋಲ್ಡ್‌ಪ್ಲೇ ಬ್ಯಾಂಡಿನ ಕ್ರಿಸ್ ಮಾರ್ಟಿನ್ ಹಾಡಿದ್ದು. ಲೀಕ್ ಆದ ಪ್ರತಿಗಳಿಂದ ಅಭಿಮಾನಿಗಳಿಗೆ ಇದು ಮೊದಲೇ ಗೊತ್ತಿತ್ತು. (ಬಿಡುಗಡೆಯಾಗದ ಹಾಡಿಗೆ ನಾವು ‘ಐಡಿ’ ಅನ್ನುತ್ತೇವೆ. ಅವನ ಐಡಿಗಳನ್ನು ಹುಡುಕಿ ಪಟ್ಟಿ ಮಾಡುವುದೇ ಒಂದು ಕಸುಬಾಗಿತ್ತು.) ಮಾತು ನಿಂತು ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಏರುವ ಜಾಗ ಒಂದಿದೆ, ಅಲ್ಲಿ ಸುಮ್ನೆ ಕೂತುಬಿಡುತ್ತೇನೆ. ‘ಟಫ್ ಲವ್’ ಪರವಾಗಿಲ್ಲ. ‘ಹೋಲ್ಡ್ ದ ಲೈನ್’ ನನಗೆ ನೆನಪಲ್ಲೇ ಉಳಿಯುವುದಿಲ್ಲ.

ಈಗ ನನ್ನ ತಕರಾರು. ‘ಹಾರ್ಟ್ ಅಪಾನ್ ಮೈ ಸ್ಲೀವ್’ ಅನ್ನುವ ಹಾಡು 2013ರ ‘ಟ್ರೂ’ ಆಲ್ಬಮ್‌ನಲ್ಲೇ ಇತ್ತು, ಕೊನೆಯ ಹಾಡಾಗಿ. ಅಲ್ಲಿ ಗಾಯನವೇ ಇಲ್ಲ. ತಂತಿವಾದ್ಯ ಗರಗರ ಅಂತ ಎಳೆಯುತ್ತದೆ, ಕೆಳಗೆ ಬೀಟ್, ಅಷ್ಟೇ. ಇಲ್ಲಿ ಅದಕ್ಕೆ ಇಮ್ಯಾಜಿನ್ ಡ್ರ್ಯಾಗನ್ಸ್ ಅನ್ನುವ ಬ್ಯಾಂಡಿನ ಗಾಯನ ಸೇರಿದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಹೊಸದು ಕೆಟ್ಟದಾಗೇನೂ ಇಲ್ಲ, ದನಿಯಲ್ಲಿ ದಮ್ಮಿದೆ. ಆದರೆ ಆ ದನಿ ಬಂದ ತಕ್ಷಣ ತಂತಿವಾದ್ಯ ಹಿಂದಕ್ಕೆ ಸರಿದು ಬಾಗಿಲ ಹತ್ತಿರ ನಿಂತ ಹಾಗಾಗುತ್ತದೆ. ಹಾಡು ಆ ಬ್ಯಾಂಡಿನದ್ದಾಗಿಬಿಡುತ್ತದೆ. 2013ರಲ್ಲಿ ದನಿಯಿಲ್ಲದೆ ಅದನ್ನು ಬಿಡುಗಡೆ ಮಾಡಿದವನು ಅವನೇ ಅಲ್ವಾ? ಆಮೇಲೆ ಮನಸ್ಸು ಬದಲಾಯಿಸಿದ್ದನೋ ಏನೋ. ಕೇಳೋಣ ಅಂದರೆ ಅವನಿಲ್ಲ. ಈ ಆಲ್ಬಮ್ ಕೇಳುವಾಗ ಪ್ರತಿ ಹಾಡಿನಲ್ಲೂ ಈ ಪ್ರಶ್ನೆ ಕಾಡುತ್ತದೆ: ಈ ತಿರುವು ಅವನದ್ದಾ, ಗೆಳೆಯರದ್ದಾ? ಮೊದಮೊದಲು ಬೇಜಾರಾಗುತ್ತಿತ್ತು. ಈಗೀಗ ಅದನ್ನು ಹುಡುಕುವುದೇ ಕೇಳುವ ಖುಷಿಯಾಗಿದೆ.

ಆಲ್ಬಮ್‌ನಿಂದ ಬಂದ ಲಾಭ ಮನೆಯವರು ಕಟ್ಟಿದ ಟಿಮ್ ಬರ್ಗ್ಲಿಂಗ್ ಫೌಂಡೇಶನ್‌ಗೆ. ಅದು ಮಾನಸಿಕ ಆರೋಗ್ಯಕ್ಕಾಗಿ, ಆತ್ಮಹತ್ಯೆ ತಡೆಯಲು ಕೆಲಸ ಮಾಡುತ್ತದೆ. ಸತ್ತವನ ಹೆಸರಲ್ಲಿ ದುಡ್ಡು ಮಾಡುತ್ತಿದ್ದಾರೆ ಅಂತ ಗೊಣಗುವವರಿಗೆ ಇಷ್ಟು ಹೇಳಿದರೆ ಸಾಕು.

ಅವನನ್ನು ಮೊದಲ ಸಲ ಕೇಳುವವರು ಇಲ್ಲಿಂದ ಶುರು ಮಾಡಬೇಡಿ, ‘ಟ್ರೂ’ ಕೇಳಿ ಆಮೇಲೆ ಇದಕ್ಕೆ ಬನ್ನಿ. ನನ್ನ ಲೆಕ್ಕದಲ್ಲಿ 5ಕ್ಕೆ 4. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ನಾನು ಮೊದಲು ಹಾಗೇ ಕೇಳಿ ಅರ್ಧ ಹಾಡು ಸಪ್ಪೆ ಅಂದುಕೊಂಡಿದ್ದೆ. ಇಯರ್‌ಫೋನ್ ಹಾಕಿದ ಮೇಲೆ ಕೆಳಗಿನ ಪದರಗಳೆಲ್ಲ ಕೇಳಿಸಿದವು.

ಇನ್ನೊಂದು, ಆಟೋಪ್ಲೇ ಮೊದಲೇ ಆಫ್ ಮಾಡಿಕೊಳ್ಳಿ. ಕೊನೆಯ ಹಾಡು ‘ಫೇಡ್ಸ್ ಅವೇ’ ಮುಗಿದು ನಾನು ಕಣ್ಣು ಮುಚ್ಚಿ ಹಾಗೇ ಕೂತಿದ್ದೆ. ಎರಡು ಸೆಕೆಂಡೂ ಆಗಿರಲಿಲ್ಲ, ಆ್ಯಪ್ ತಾನಾಗಿಯೇ ‘ಲೆವೆಲ್ಸ್’ ಹಾಕಿಬಿಟ್ಟಿತು, ಫುಲ್ ವಾಲ್ಯೂಮ್‌ನಲ್ಲಿ.